ಮರೆಯ ಷರಾ, ಎದುರಿನ ಮಾತು

ಸಂಬಳಕ್ಕೆ ದುಡಿಯುವವರು ಒಬ್ಬರೂ ಇಲ್ಲದ ಮನೆ ಪಟ್ಟಣಗಳಲ್ಲಿ ಅಪರೂಪ. ವಾಚಕರೇ, ನಿಮ್ಮ ಮನೆಯಲ್ಲಿಯೂ ಅಂಥವರೊಬ್ಬರು ಇರಬಹುದು. ಮಾರ್ಚಿ ತಿಂಗಳು ಕಳೆದು ವರ್ಷದ ಲೆಕ್ಕ ಮುಗಿಯಿತೆಂದರೆ ಅವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ: “ಮೇಲಧಿಕಾರಿಗಳು ನನ್ನ ವಿಷಯದಲ್ಲಿ ಏನು ಬರೆದಿದ್ದಾರೋ!” ಬಡ್ತಿ, ವರ್ಗಾವಣೆ, ಸಂಬಳದ ಏರಿಕೆ, ನಿವೃತ್ತಿಯ ವೇತನ ಇವೆಲ್ಲ ಆ ಒಂದು ಹಾಳೆಯ ಮೇಲಿನ ನಾಲ್ಕಾರು ಮಾತುಗಳಿಗೆ ತಗುಲಿಕೊಂಡಿರುತ್ತವೆ. ಒಬ್ಬನ ಷರಾದಿಂದ ಇನ್ನೊಬ್ಬನ ಸಂಸಾರದ ಹಣೆಬರಹ ತಿದ್ದುಪಡಿಯಾಗುವುದುಂಟು. ಹೀಗಿರುವಾಗ ಆ ಷರಾವನ್ನು ಬರೆಯುವವರು ಹೇಗೆ ಬರೆಯಬೇಕು, ಬರೆದದ್ದನ್ನು ಆ ನೌಕರನಿಗೆ ಹೇಳಬೇಕೇ, ಹೇಳುವುದಾದರೆ ಹೇಗೆ ಹೇಳಬೇಕು ಎಂಬ ಪ್ರಶ್ನೆ ಸಣ್ಣದಲ್ಲ. ಅದಕ್ಕೆ ಉದ್ದವಾದ ಇತಿಹಾಸವೂ ಉಂಟು. ಆ ಇತಿಹಾಸದ ಮುಖ್ಯ ಘಟ್ಟಗಳನ್ನು ಇಲ್ಲಿ ನಿಮ್ಮ ಮುಂದಿಡುತ್ತೇನೆ.

ಮೊದಲು ಎರಡು ಶಬ್ದಗಳನ್ನು ನೋಡೋಣ. ‘ಪರೀಕ್ಷೆ’ ಎಂಬುದರಲ್ಲಿ ‘ಪರಿ’ ಎಂದರೆ ಸುತ್ತಲೂ, ‘ಈಕ್ಷ್’ ಎಂದರೆ ನೋಡು. ಆದುದರಿಂದ ಒಂದು ವಸ್ತುವನ್ನು ಎಲ್ಲ ಕಡೆಗಳಿಂದಲೂ ನೋಡುವುದೇ ಪರೀಕ್ಷೆ. ‘ವಿಮರ್ಶೆ’ ಎಂಬುದರ ಧಾತು ‘ಮೃಶ್’, ಎಂದರೆ ಮುಟ್ಟು. ನೋಡುವುದನ್ನು ದೂರದಿಂದ ಮಾಡಬಹುದು. ಮುಟ್ಟುವುದಕ್ಕೆ ಹತ್ತಿರ ಬರಬೇಕು. ಕೆಲಸಗಾರನ ಯೋಗ್ಯತೆಯನ್ನು ಅಳೆಯುವ ಪದ್ಧತಿ ಲೋಕದಲ್ಲಿ ಬೆಳೆದು ಬಂದದ್ದೂ ಹೀಗೆಯೇ: ದೂರದ ನೋಟದಿಂದ ಹತ್ತಿರದ ಮಾತಿಗೆ. ಆದರೆ ಈ ದಾರಿ ಸವೆಯಲು ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ನಮ್ಮ ದೇಶದಲ್ಲಿ ಈ ವಿಚಾರವನ್ನು ಶಾಸ್ತ್ರವಾಗಿ ಬರೆದಿಟ್ಟವನು ಕೌಟಿಲ್ಯ. ಅವನ ಅರ್ಥಶಾಸ್ತ್ರವು ಬಹುಕಾಲ ಕಣ್ಮರೆಯಾಗಿದ್ದು, ೧೯೦೫ರಲ್ಲಿ ಅದರ ತಾಳೆಯೋಲೆಯ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಗುರುತಿಸಿದವರು ನಮ್ಮ ಆರ್. ಶಾಮಾಶಾಸ್ತ್ರಿಗಳೆಂಬುದು ನಿಮಗೆ ತಿಳಿದ ಸಂಗತಿ. ೧೯೦೯ರಲ್ಲಿ ಮೂಲವೂ ೧೯೧೫ರಲ್ಲಿ ಅವರ ಇಂಗ್ಲಿಷ್ ಅನುವಾದವೂ ಅಚ್ಚಾದುವು. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ‘ಉಪಯುಕ್ತಪರೀಕ್ಷಾ’ ಎಂಬ ಒಂದು ಅಧ್ಯಾಯವಿದೆ. ಉಪಯುಕ್ತರೆಂದರೆ ಕೆಲಸಕ್ಕೆ ನೇಮಕವಾದ ಅಧಿಕಾರಿಗಳು. ಮನುಷ್ಯರ ಮನಸ್ಸು ಒಂದೇ ಸಮನೆ ಇರುವುದಿಲ್ಲವಾದ್ದರಿಂದ ಅವರ ಕೆಲಸವನ್ನು ನಿತ್ಯವೂ ಪರೀಕ್ಷಿಸುತ್ತಿರಬೇಕು. ನ್ಯಾಯದ ದಾರಿಯಲ್ಲಿ ಬೊಕ್ಕಸವನ್ನು ಬೆಳೆಸಿದವರನ್ನು ಅಧಿಕಾರದಲ್ಲಿ ಸ್ಥಿರಪಡಿಸಬೇಕು ಎಂಬುದು ಅಲ್ಲಿನ ತಾತ್ಪರ್ಯ. ‘ವರ್ಷಕ್ಕೊಮ್ಮೆ’ ಅಲ್ಲ, ‘ನಿತ್ಯವೂ’ ಎಂಬುದನ್ನು ಗಮನಿಸಿರಿ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇವೆ. ಆದರೆ ಅದೇ ಗ್ರಂಥದ ಮೊದಲನೆಯ ಅಧಿಕರಣದಲ್ಲಿ ಅಮಾತ್ಯರನ್ನು ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಬಗೆಯ ಗುಪ್ತವಾದ ಒಡ್ಡುಗಳಿಂದ ಶೋಧಿಸುವ ವಿಧಾನವೂ ಇದೆ. ತಾನು ಪರೀಕ್ಷೆಗೆ ಒಳಗಾಗಿದ್ದೇನೆಂಬುದು ಅಮಾತ್ಯನಿಗೆ ತಿಳಿಯುವಂತಿಲ್ಲ. ಅರಸನ ಕಣ್ಣು ತೆರೆದಿರುತ್ತದೆ, ಬಾಯಿ ಮುಚ್ಚಿರುತ್ತದೆ.

ಇಲ್ಲಿಂದ ಬಹಳ ದೂರಕ್ಕೆ, ಸ್ಕಾಟ್ಲೆಂಡಿಗೆ ಹೋಗೋಣ. ಕ್ಲೈಡ್ ನದಿಯ ದಡದಲ್ಲಿ ನ್ಯೂ ಲ್ಯಾನಾರ್ಕ್ ಎಂಬ ಊರು. ಅಲ್ಲಿ ಹತ್ತಿಯ ನೂಲಿನ ಗಿರಣಿಗಳು. ೧೮೦೦ರಲ್ಲಿ ರಾಬರ್ಟ್ ಓವೆನ್ ಎಂಬಾತ ಆ ಗಿರಣಿಗಳ ಆಡಳಿತವನ್ನು ವಹಿಸಿಕೊಂಡ. ಹೊಡೆತ, ಬೈಗುಳ, ಜುಲ್ಮಾನೆ ಇವೇ ಮೇಸ್ತ್ರಿಗಳ ಆಯುಧಗಳಾಗಿದ್ದ ಕಾಲವದು. ಓವೆನ್ ಬೇರೆಯ ದಾರಿಯನ್ನು ಹುಡುಕಿದ. ಪ್ರತಿಯೊಬ್ಬ ಕೆಲಸಗಾರನ ಬಳಿಯಲ್ಲಿ ನಾಲ್ಕು ಮುಖಗಳುಳ್ಳ ಒಂದು ಪುಟ್ಟ ಮರದ ತುಂಡನ್ನು ತೂಗುಹಾಕಿಸಿದ. ಒಂದು ಮುಖಕ್ಕೆ ಕಪ್ಪು, ಒಂದಕ್ಕೆ ನೀಲಿ, ಒಂದಕ್ಕೆ ಹಳದಿ, ಇನ್ನೊಂದಕ್ಕೆ ಬಿಳಿಯ ಬಣ್ಣ. ಹಿಂದಿನ ದಿನದ ನಡತೆ ಕೆಟ್ಟದಾಗಿದ್ದರೆ ಕಪ್ಪು ಎದುರಿಗೆ. ಸಾಧಾರಣವಾಗಿದ್ದರೆ ನೀಲಿ, ಚೆನ್ನಾಗಿದ್ದರೆ ಹಳದಿ, ಅತ್ಯುತ್ತಮವಾಗಿದ್ದರೆ ಬಿಳಿ. ಇದಕ್ಕೆ ‘ಮೌನ ಮೇಲ್ವಿಚಾರಕ’ ಎಂದು ಹೆಸರಾಯಿತು. ದಿನದಿನದ ಗುಣವನ್ನು ಪುಸ್ತಕದಲ್ಲಿ ಏರಿಸುತ್ತಿದ್ದರು. ಅಷ್ಟೇ ಅಲ್ಲ, ಮೇಲ್ವಿಚಾರಕನು ಅನ್ಯಾಯ ಮಾಡಿದನೆಂದು ತೋರಿದರೆ, ಪುಸ್ತಕದಲ್ಲಿ ದಾಖಲಾಗುವ ಮೊದಲೇ ಕೆಲಸಗಾರನು ಬಂದು ಓವೆನ್ನನಲ್ಲಿ ದೂರು ಹೇಳಿಕೊಳ್ಳಬಹುದಾಗಿತ್ತು.

ಇದು ಆ ಕಾಲಕ್ಕೆ ದೊಡ್ಡ ಹೆಜ್ಜೆ. ತನ್ನ ಮೇಲೆ ಏನು ತೀರ್ಪಾಗಿದೆಯೆಂಬುದು ಕೆಲಸಗಾರನ ಕಣ್ಣಿಗೇ ಕಾಣುತ್ತಿತ್ತು. ಆದರೆ ಓವೆನ್ ಗಿರಣಿಯೊಳಗೆ ನಡೆದುಬರುವಾಗ ಒಮ್ಮೆ ಆಳನ್ನೂ ಒಮ್ಮೆ ಬಣ್ಣವನ್ನೂ ನೋಡಿ ಮುಂದೆ ಸಾಗುತ್ತಿದ್ದನೇ ಹೊರತು, ಒಂದು ನಿಂದೆಯ ಮಾತನ್ನೂ ಆಡುತ್ತಿರಲಿಲ್ಲ. ಬೈಗುಳ ನಿಂತದ್ದು ಒಳ್ಳೆಯದೇ ಆಯಿತು. ಆದರೆ “ನಿನ್ನೆಯ ದಿನ ಕಪ್ಪು ಏಕೆ ಬಂತಪ್ಪಾ? ಯಂತ್ರ ಕೆಟ್ಟಿತ್ತೇ? ಮನೆಯಲ್ಲಿ ಮಗುವಿಗೆ ಜ್ವರವೇ?” ಎಂದು ಕೇಳುವವರು ಯಾರು? ಮರದ ತುಂಡಿಗೆ ನಾಲ್ಕು ಬಣ್ಣಗಳಿದ್ದುವು, ಒಂದು ಕಿವಿಯೂ ಇರಲಿಲ್ಲ.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ ಬಣ್ಣದ ಬದಲು ಅಂಕಗಳು ಬಂದುವು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಸಾವಿರಾರು ಅಧಿಕಾರಿಗಳನ್ನು ಬೇಗ ಬೇಗ ಆರಿಸಬೇಕಾಗಿ ಬಂದಾಗ, ವಾಲ್ಟರ್ ಡಿಲ್ ಸ್ಕಾಟ್ ಎಂಬ ಮನಶ್ಶಾಸ್ತ್ರಜ್ಞನು ಮನುಷ್ಯನನ್ನು ಮನುಷ್ಯನೊಡನೆ ಹೋಲಿಸಿ ಅಳೆಯುವ ಒಂದು ಮಾನದಂಡವನ್ನು ಸಿದ್ಧಪಡಿಸಿದನು. ಯುದ್ಧ ಮುಗಿದ ಮೇಲೆ ಇಂಥ ಮಾನದಂಡಗಳು ಕಾರ್ಖಾನೆಗಳಿಗೂ ಕಚೇರಿಗಳಿಗೂ ಹಬ್ಬಿದುವು. ಆದರೆ ೧೯೨೦ರಲ್ಲಿಯೇ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ವಿದ್ವಾಂಸನು ಒಂದು ದೋಷವನ್ನು ಎತ್ತಿ ತೋರಿಸಿದ. ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಬುದ್ಧಿ, ಮೈಕಟ್ಟು, ನಾಯಕತ್ವ, ಶೀಲ ಇವುಗಳಿಗೆ ಬೇರೆ ಬೇರೆ ಅಂಕಗಳನ್ನು ಕೊಡಬೇಕಾಗಿತ್ತು. ನೋಡಿದರೆ ಒಂದರಲ್ಲಿ ಹೆಚ್ಚು ಅಂಕ ಪಡೆದವನಿಗೆ ಎಲ್ಲದರಲ್ಲಿಯೂ ಹೆಚ್ಚು! ಒಂದು ಗುಣದ ಹೊಳಪು ಉಳಿದ ಗುಣಗಳ ಮೇಲೆಲ್ಲ ಹರಡಿಕೊಂಡಿತ್ತು. ದೇವರ ವಿಗ್ರಹದ ಹಿಂದಿನ ಪ್ರಭಾವಳಿಯ ಹೊಳಪಿನಲ್ಲಿ ವಿಗ್ರಹದ ಅಂಗಾಂಗಗಳು ಬೇರೆಯಾಗಿ ಕಾಣದಿರುವಂತೆ. ಈ ದೋಷಕ್ಕೆ ಇಂಗ್ಲಿಷಿನಲ್ಲಿ ಬಿದ್ದ ಹೆಸರಿನ ಅರ್ಥವೂ ಪ್ರಭಾವಳಿಯೇ. ಇಂಪಾಗಿ ಹಾಡುವ ಹುಡುಗ ಗಣಿತದಲ್ಲಿಯೂ ಜಾಣನೆಂದು ಉಪಾಧ್ಯಾಯರಿಗೆ ತೋರುವುದು ಇದರಿಂದಲೇ. ಪುಟ್ಟ ತಪ್ಪೊಂದು ಕಣ್ಣಿಗೆ ಬಿದ್ದು, ಮನುಷ್ಯನೇ ಕೆಟ್ಟವನಾಗಿ ತೋರುವುದೂ ಉಂಟು.

ನಮ್ಮ ದೇಶದ ಸರಕಾರಿ ಕಚೇರಿಗಳಲ್ಲಿ ಇಂಗ್ಲಿಷರ ಆಳ್ವಿಕೆಯ ಕಾಲದಲ್ಲಿ ಬೇರೂರಿದ್ದು ಗುಪ್ತ ವರದಿ. ಮೇಲಧಿಕಾರಿ ವರ್ಷಕ್ಕೊಮ್ಮೆ ಬರೆಯುವನು, ಅವನ ಮೇಲಿನವನು ಸಹಿ ಹಾಕುವನು, ಕಡತ ಬೀರುವಿಗೆ ಸೇರುವುದು. ಸ್ವಾತಂತ್ರ್ಯ ಬಂದ ಮೇಲೂ ಈ ಪದ್ಧತಿ ಬಹುಕಾಲ ಉಳಿಯಿತು. ತೀರ ಪ್ರತಿಕೂಲವಾದ ಷರಾ ಇದ್ದರೆ ಮಾತ್ರ ನೌಕರನಿಗೆ ತಿಳಿಸುವರು, ಉಳಿದದ್ದೆಲ್ಲ ಗುಟ್ಟು. ಗುಟ್ಟಿದ್ದರೆ ಅಧಿಕಾರಿ ದಾಕ್ಷಿಣ್ಯವಿಲ್ಲದೆ ನಿಜವನ್ನು ಬರೆಯುವನೆಂಬುದು ಇದರ ಪರವಾದ ವಾದ. ಅದರಲ್ಲಿ ಸ್ವಲ್ಪ ಸತ್ಯವಿಲ್ಲದಿಲ್ಲ. ಆದರೆ ಯಾರ ತಪ್ಪನ್ನು ತಿದ್ದಬೇಕಾಗಿದೆಯೋ ಅವನಿಗೇ ತಪ್ಪನ್ನು ಹೇಳದೆ ತಿದ್ದುವುದು ಹೇಗೆ? ಉತ್ತರಪತ್ರಿಕೆಯನ್ನು ತಿದ್ದಿ, ವಿದ್ಯಾರ್ಥಿಗೆ ಕೊಡದೆ, ಮೇಜಿನ ಸೆಳೆಖಾನೆಯಲ್ಲಿ ಬೀಗ ಹಾಕಿಟ್ಟಂತಾಯಿತು.

ಇದರ ಫಲವೇನೆಂಬುದನ್ನು ಒಂದು ಮೊಕದ್ದಮೆ ಚೆನ್ನಾಗಿ ತೋರಿಸುತ್ತದೆ. ದೇವ್ ದತ್ ಎಂಬುವರು ಗಡಿ ರಸ್ತೆಗಳ ಇಲಾಖೆಯಲ್ಲಿ ಎಕ್ಸಿಕ್ಯುಟಿವ್ ಎಂಜಿನಿಯರಾಗಿದ್ದರು. ೧೯೯೪ರಲ್ಲಿ ಮೇಲಿನ ಹುದ್ದೆಗೆ ಬಡ್ತಿಯ ವಿಚಾರ ಬಂದಾಗ ಅವರ ಹೆಸರು ಬಿಟ್ಟುಹೋಯಿತು. ಕಾರಣವೇನು? ಐದು ವರ್ಷಗಳ ವರದಿಗಳಲ್ಲಿ ‘ಅತ್ಯುತ್ತಮ’ಕ್ಕೆ ಸ್ವಲ್ಪ ಕೆಳಗಿನ ‘ಬಹಳ ಒಳ್ಳೆಯದು’ ಎಂಬ ಷರಾ ಇರಬೇಕಾಗಿತ್ತು. ೧೯೯೩-೯೪ರ ಒಂದು ವರದಿಯಲ್ಲಿ ಬರಿಯ ‘ಒಳ್ಳೆಯದು’ ಎಂದಿತ್ತು. ಅದು ನಿಂದೆಯಲ್ಲವಾದ್ದರಿಂದ ಅವರಿಗೆ ತಿಳಿಸಿರಲಿಲ್ಲ. ತಿಳಿಸದ ಆ ಹೊಗಳಿಕೆಯೇ ಬಡ್ತಿಗೆ ಅಡ್ಡವಾಯಿತು! ಅವರು ನ್ಯಾಯಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋದರು. ೨೦೦೮ರ ಮೇ ೧೨ರಂದು ತೀರ್ಪು ಬಂತು: ಷರಾ ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಪ್ರತಿಯೊಂದನ್ನೂ ನೌಕರನಿಗೆ ತಿಳಿಸಲೇಬೇಕು, ಅದರ ಮೇಲೆ ಅವನು ಹೇಳಿಕೊಳ್ಳಲು ಅವಕಾಶವಿರಬೇಕು. ಆ ಹೊತ್ತಿಗೆ ದೇವ್ ದತ್ತರು ನಿವೃತ್ತರಾಗಿಬಿಟ್ಟಿದ್ದರು. ಅವರ ಮನವಿಯನ್ನು ವಿಚಾರಿಸಿ ಷರಾ ಮೇಲಕ್ಕೇರಿದರೆ, ಹಿಂದಿನ ತೇದಿಯಿಂದ ಬಡ್ತಿಯ ವಿಚಾರ ಮಾಡಿ ನಿವೃತ್ತಿ ವೇತನವನ್ನು ಸರಿಪಡಿಸಬೇಕೆಂದು ನ್ಯಾಯಾಲಯ ಅಪ್ಪಣೆ ಮಾಡಿತು. ಒಂದು ಪದದ ಹಿಂದೆ ಹದಿನಾಲ್ಕು ವರ್ಷ!

ಮರುವರ್ಷ, ೨೦೦೯ರ ಮೇ ೧೪ರಂದು, ಕೇಂದ್ರ ಸರಕಾರವು ಆಜ್ಞೆ ಹೊರಡಿಸಿ ವರದಿಯ ಹೆಸರಿನಿಂದ ‘ಗುಪ್ತ’ ಎಂಬ ಮಾತನ್ನೇ ತೆಗೆಯಿತು. ಇಡೀ ವರದಿಯನ್ನು ನೌಕರನಿಗೆ ತೋರಿಸಬೇಕು, ಆಕ್ಷೇಪವಿದ್ದರೆ ಹೇಳಲು ಹದಿನೈದು ದಿನಗಳ ಅವಕಾಶ ಕೊಡಬೇಕು ಎಂದಾಯಿತು. ಬೀರುವಿನ ಬಾಗಿಲು ತೆರೆಯಿತು.

ಬಾಗಿಲೇನೋ ತೆರೆಯಿತು. ಆದರೆ ಹಾಳೆಯನ್ನು ಕೈಗೆ ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯಿತೇ? ಓವೆನ್ನನ ಬಣ್ಣದ ತುಂಡು ತೆರೆದೇ ಇತ್ತಲ್ಲ! ಕಾನೂನು ಕಾಗದವನ್ನು ಬಯಲಿಗೆ ತರಬಲ್ಲುದು. ಅಧಿಕಾರಿಯ ಬಾಯಿಗೆ ಹಿತವಾದ ಮಾತನ್ನೂ ಕಿವಿಗೆ ತಾಳ್ಮೆಯನ್ನೂ ತರಲಾರದು. ಅದನ್ನು ಕಲಿಯಬೇಕು, ಕಲಿಸಬೇಕು. ಈ ಕಲಿಕೆಯ ವಿಚಾರ ಖಾಸಗಿ ಕಂಪೆನಿಗಳಲ್ಲಿ, ಅದರಲ್ಲಿಯೂ ಅಮೆರಿಕದಲ್ಲಿ, ಕೋರ್ಟಿನ ತೀರ್ಪಿಗಿಂತ ಐವತ್ತು ವರ್ಷ ಮೊದಲೇ ಮೊದಲಾಗಿತ್ತು.

ಅಲ್ಲಿ ಮ್ಯಾನೇಜರು ವರ್ಷಕ್ಕೊಮ್ಮೆ ತನ್ನ ಕೈಕೆಳಗಿನವನನ್ನು ಎದುರಿಗೆ ಕೂರಿಸಿಕೊಂಡು ಅವನ ಕೆಲಸದ ಗುಣದೋಷಗಳನ್ನು ಹೇಳಬೇಕೆಂಬ ಏರ್ಪಾಡು ಬಂದಿತ್ತು. ವಿಚಿತ್ರವೆಂದರೆ, ನೌಕರನಂತೆ ಮ್ಯಾನೇಜರಿಗೂ ಈ ಸಭೆ ಬೇಡವಾಗಿತ್ತು. ಅವರು ಇಲ್ಲದ ನೆಪ ಹೂಡಿ ಮುಂದೆ ತಳ್ಳುತ್ತಿದ್ದರು. ೧೯೫೭ರಲ್ಲಿ ಡಗ್ಲಸ್ ಮ್ಯಾಕ್‌ಗ್ರೆಗರ್ ಎಂಬ ಪ್ರೊಫೆಸರು ಇದರ ಕಾರಣವನ್ನು ವಿಚಾರಿಸಿದ. ಜತೆಯವನ ದೋಷವನ್ನು ಮುಖದೆದುರು ಹೇಳುವ ಸಂಕೋಚ ಒಂದು. ಹೇಳುವ ಜಾಣ್ಮೆ ಇಲ್ಲದಿರುವುದು ಇನ್ನೊಂದು. ಇವೆರಡಕ್ಕಿಂತ ಆಳವಾದ ಕಾರಣ, ಇನ್ನೊಬ್ಬ ಮನುಷ್ಯನ ಯೋಗ್ಯತೆಯನ್ನು ತೂಗುವ ದೇವರ ಪಾತ್ರ ತನಗೆ ಬೇಡವೆಂಬ ಅಳುಕು. ಈ ಅಳುಕು ದೌರ್ಬಲ್ಯವಲ್ಲ, ಸಜ್ಜನಿಕೆಯೇ ಎಂಬುದು ಅವನ ಅಭಿಪ್ರಾಯ. ಆದುದರಿಂದ ಮನುಷ್ಯನನ್ನು ತೂಗಬೇಡಿ, ಕೆಲಸವನ್ನು ನೋಡಿ. ಮುಂದಿನ ಗುರಿಗಳನ್ನು ನೌಕರನೇ ಮೊದಲು ಬರೆದು ತರಲಿ, ಆಮೇಲೆ ಇಬ್ಬರೂ ಕೂತು ಚರ್ಚಿಸಲಿ ಎಂದ.

ಮರುವರ್ಷ, ೧೯೫೮ರಲ್ಲಿ, ಮಿಷಿಗನ್ ವಿಶ್ವವಿದ್ಯಾನಿಲಯದ ನಾರ್ಮನ್ ಮೇಯರ್ ಈ ಸಭೆಯನ್ನು ಕುರಿತೇ ಒಂದು ಪುಸ್ತಕ ಬರೆದ. ಅವನ ಪ್ರಕಾರ ಮ್ಯಾನೇಜರು ಮಾತಾಡುವ ರೀತಿಗಳು ಮೂರು. ಮೊದಲನೆಯದು, ಹೇಳಿ ಒಪ್ಪಿಸುವುದು. ಎರಡನೆಯದು, ಹೇಳಿ ಕೇಳಿಸಿಕೊಳ್ಳುವುದು. ಮೂರನೆಯದು, ಇಬ್ಬರೂ ಕೂಡಿ ತೊಡಕನ್ನು ಬಿಡಿಸುವುದು. ಮೊದಲ ರೀತಿಯ ಮ್ಯಾನೇಜರು ನಮ್ಮ ಮನೆಯ ರೇಡಿಯೋ ಪೆಟ್ಟಿಗೆಯಂತೆ: ಹೇಳುವುದನ್ನೆಲ್ಲ ಸ್ಪಷ್ಟವಾಗಿ ಹೇಳುತ್ತದೆ, ನಾವು ಆಡುವ ಒಂದು ಮಾತೂ ಅದಕ್ಕೆ ಕೇಳಿಸದು. ಸುದ್ದಿಗೆ, ಸಂಗೀತಕ್ಕೆ ಅದು ಸರಿ; ಮನುಷ್ಯನನ್ನು ತಿದ್ದುವುದಕ್ಕೆ ಸಾಲದು. ಎರಡನೆಯವನು ತನ್ನ ತೀರ್ಪನ್ನು ಹೇಳಿದ ಮೇಲೆ ಎದುರಿನವನ ಅಸಮಾಧಾನಕ್ಕೂ ಕಿವಿಗೊಡುತ್ತಾನೆ. ಆದರೂ ಅವನು ಕೂತಿರುವುದು ನ್ಯಾಯಾಧೀಶನ ಪೀಠದಲ್ಲಿಯೇ. ಮೂರನೆಯವನು ಆ ಪೀಠದಿಂದ ಇಳಿದು ನೆರವಾಗುವವನಾಗುತ್ತಾನೆ.

ಇವುಗಳ ಅಂತರ ತಿಳಿಯಲು ಒಂದು ದೃಷ್ಟಾಂತ ಬೇಕು. ಒಂದು ಕಚೇರಿಯಲ್ಲಿ ಗುಮಾಸ್ತರೊಬ್ಬರ ಮೇಜಿನ ಮೇಲೆ ಹನ್ನೊಂದು ಅರ್ಜಿಗಳು ವಾಯಿದೆ ಮೀರಿ ಉಳಿದಿವೆಯೆಂದು ಇಟ್ಟುಕೊಳ್ಳಿ. “ನಿಮಗೆ ಕೆಲಸದಲ್ಲಿ ಶ್ರದ್ಧೆ ಇಲ್ಲ, ಸುಧಾರಿಸಿಕೊಳ್ಳಿ” ಎಂದು ಅಧಿಕಾರಿ ಹೇಳಿದರೆ, “ಆಗಲಿ ಸಾರ್” ಎಂದು ಗುಮಾಸ್ತರು ಎದ್ದುಹೋಗುತ್ತಾರೆ. ಮನಸ್ಸಿನಲ್ಲಿ ಗಾಯ, ಮೇಜಿನ ಮೇಲೆ ಅರ್ಜಿ, ಎರಡೂ ಹಾಗೆಯೇ ಉಳಿಯುತ್ತವೆ. ಅದರ ಬದಲು ಅಧಿಕಾರಿ, “ಕೂತುಕೊಳ್ಳಿ ರಾಯರೇ. ಈ ವರ್ಷ ಯಾವ ಕೆಲಸ ಸಲೀಸಾಗಿ ಸಾಗಿತು, ಯಾವುದು ತೊಡಕಾಯಿತು, ನೀವೇ ಮೊದಲು ಹೇಳಿ” ಎನ್ನಲಿ. ಆಮೇಲೆ, “ಹನ್ನೊಂದು ಅರ್ಜಿ ಉಳಿದಿವೆಯಲ್ಲ, ಎಲ್ಲಿ ತಡೆಯಿತು?” ಎಂದು ಕೇಳಲಿ. “ದಾಖಲೆ ಕೋಣೆಯಿಂದ ಹಳೆಯ ಕಡತ ಬರುವುದಕ್ಕೇ ನಾಲ್ಕು ದಿನ ಹಿಡಿಯುತ್ತದೆ ಸಾರ್. ಬೆಳಿಗ್ಗೆಯೇ ಪಟ್ಟಿ ಕಳಿಸುವ ಹಾಗಾದರೆ ಸಂಜೆಗೆ ತರಿಸಬಹುದು” ಎಂದು ಅವರು ಹೇಳಿಯಾರು. ಆಗ ತಪ್ಪು ಪೂರ್ತಿ ಗುಮಾಸ್ತರದಲ್ಲವೆಂದೂ ತಿಳಿಯಿತು, ಮದ್ದೂ ಸಿಕ್ಕಿತು. ಆ ಮದ್ದು ಅಧಿಕಾರಿಗೆ ಗೊತ್ತಿರಲಿಲ್ಲ. ಗುಮಾಸ್ತರಿಗೆ ಗೊತ್ತಿತ್ತು, ಕೇಳಿದವರಿರಲಿಲ್ಲ. ನಮ್ಮಲ್ಲಿ ‘ಎದುರುಮಾತು’ ಎಂದರೆ ಉದ್ಧಟತನವೆಂದು ಅರ್ಥ. ಆದರೆ ಎದುರು ಕೂತು ಆಡುವ ಮಾತೆಲ್ಲ ಎದುರುಮಾತಲ್ಲ.

ಇಂಥ ಮಾತನ್ನು ಉಪನ್ಯಾಸ ಕೇಳಿ ಕಲಿಯಲಾಗದೆಂಬುದು ಮೇಯರನಿಗೆ ಗೊತ್ತಿತ್ತು. ಈಜುವುದನ್ನು ದಡದಲ್ಲಿ ಕೂತು ಕಲಿತವರುಂಟೇ? ಅವನು ಬಳಸಿದ್ದು ಪಾತ್ರಾಭಿನಯದ ಕ್ರಮವನ್ನು. ತರಬೇತಿಗೆ ಬಂದವರಲ್ಲಿ ಒಬ್ಬನು ಅಧಿಕಾರಿ, ಇನ್ನೊಬ್ಬನು ನೌಕರ. ಇಬ್ಬರ ಕೈಗೂ ಬೇರೆ ಬೇರೆ ಚೀಟಿ ಕೊಡುತ್ತಾರೆ. ಒಬ್ಬನಿಗೆ ತಿಳಿದ ಸಂಗತಿ ಇನ್ನೊಬ್ಬನಿಗೆ ತಿಳಿಯದು. ಸಂಭಾಷಣೆಯನ್ನು ಮುಂದಾಗಿ ಬರೆದಿರುವುದಿಲ್ಲ, ಆಡುತ್ತ ಆಡುತ್ತ ಹುಟ್ಟಬೇಕು. ಆಟ ಮುಗಿದ ಮೇಲೆ ಎಲ್ಲರೂ ಕೂತು, ಯಾವ ಮಾತಿಗೆ ನೌಕರನ ಬಾಯಿ ಕಟ್ಟಿತು, ಯಾವ ಪ್ರಶ್ನೆಗೆ ಮನಸ್ಸು ತೆರೆಯಿತು ಎಂದು ವಿಚಾರಿಸುತ್ತಾರೆ. ವರ್ಷಗಟ್ಟಲೆ ಮೇಲಿನ ಕುರ್ಚಿಯಲ್ಲಿಯೇ ಕೂತವನು ಅರ್ಧ ಗಂಟೆ ಕೆಳಗಿನ ಕುರ್ಚಿಯಲ್ಲಿ ಕೂತಾಗ ಅವನಿಗೆ ಆಗುವ ಅರಿವನ್ನು ನೂರು ಪುಟದ ಪುಸ್ತಕ ಕೊಡಲಾರದು.

೧೯೬೫ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪೆನಿಯಲ್ಲಿ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಮೇಯರ್ ಎಂದೇ ಕೇಳಿಸುವ ಹೆಸರಿನ ಹರ್ಬರ್ಟ್ ಮೇಯರ್ ಎಂಬ ಬೇರೊಬ್ಬರೂ, ಕೇ ಮತ್ತು ಫ್ರೆಂಚ್ ಎಂಬ ಅವರ ಜತೆಗಾರರೂ ೯೨ ಮಂದಿ ನೌಕರರ ಸಭೆಗಳನ್ನು ಪರಿಶೀಲಿಸಿದ್ದರು. ಒಂದು ಸಭೆಯಲ್ಲಿ ಸರಾಸರಿ ೧೩ ಟೀಕೆಗಳು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ನೌಕರನ ಉತ್ತರ ತನ್ನನ್ನು ತಾನು ಸಮರ್ಥಿಸಿಕೊಳ್ಳುವುದೇ ಆಗಿತ್ತು. ಹೆಚ್ಚು ಟೀಕೆಗೆ ಗುರಿಯಾದ ಕೆಲಸವೇ ಮುಂದೆ ಕಡಿಮೆ ಸುಧಾರಿಸಿತ್ತು! ಹೊಗಳಿಕೆಯಿಂದಲೂ ಹೇಳಿಕೊಳ್ಳುವಂಥ ಫಲವಿರಲಿಲ್ಲ. ಫಲ ಕಂಡದ್ದು ಇಬ್ಬರೂ ಕೂಡಿ ಸ್ಪಷ್ಟವಾದ ಗುರಿಯನ್ನು ಗೊತ್ತುಮಾಡಿಕೊಂಡ ಕಡೆಯಲ್ಲಿ. ಆ ವಿದ್ವಾಂಸರು ಮುಖ್ಯವಾಗಿ ಎರಡು ಸಲಹೆಗಳನ್ನು ಕೊಟ್ಟರು. ಸಂಬಳದ ಮಾತನ್ನೂ ಸುಧಾರಣೆಯ ಮಾತನ್ನೂ ಒಂದೇ ಸಭೆಯಲ್ಲಿ ಬೆರೆಸಬೇಡಿ, ಏಕೆಂದರೆ ಸಂಬಳದ ಮಾತು ಬಂದಾಗ ಬೇರೆ ಯಾವುದೂ ಕಿವಿಗೆ ಬೀಳದು. ತಿದ್ದುವುದನ್ನು ವರ್ಷದ ಕೊನೆಗೆ ಕೂಡಿಡದೆ ದಿನದಿನವೂ ಮಾಡಿ. ಕೌಟಿಲ್ಯನ ‘ನಿತ್ಯ’ ಎಂಬ ಮಾತು ಇಲ್ಲಿ ಮರಳಿ ಬಂತು, ಗೂಢಚಾರನ ಮೂಲಕವಲ್ಲ, ಗೆಳೆಯನ ಮೂಲಕ.

ಭಾರತದಲ್ಲಿ ಈ ದಾರಿಗೆ ಮೊದಲಿಗರಾದವರಲ್ಲಿ ಒಂದು ಲಾರ್ಸನ್ ಅಂಡ್ ಟೂಬ್ರೋ ಕಂಪೆನಿ. ಅಹಮದಾಬಾದಿನ ಮ್ಯಾನೇಜ್‌ಮೆಂಟ್ ಸಂಸ್ಥೆಯ ಉದಯ್ ಪಾರೀಕ್ ಮತ್ತು ಟಿ. ವಿ. ರಾವ್ ಅವರು ೧೯೭೫ರ ಸುಮಾರಿಗೆ ಆ ಕಂಪೆನಿಯ ಪದ್ಧತಿಯನ್ನು ಪರಿಶೀಲಿಸಿ, ನೌಕರನೊಡನೆ ಕೂತು ಆಡುವ ಹಿತವಚನದ ಮಾತುಕತೆಯನ್ನು ಅಂಕ ಕೊಡುವ ಕೆಲಸದಷ್ಟೇ ಮುಖ್ಯವಾದ ಒಂದು ಅಂಗವೆಂದು ಸೇರಿಸಿದರು. ಮನುಷ್ಯನ ಬೆಳವಣಿಗೆಗೆಂದೇ ಅಲ್ಲಿ ಒಂದು ವಿಭಾಗ ಹುಟ್ಟಿಕೊಂಡಿತು.

ಇತಿಹಾಸವೇನೂ ನೇರವಾಗಿ ಮುಂದೆ ಹರಿಯುವುದಿಲ್ಲ. ೧೯೬೫ರ ಅಧ್ಯಯನ ನಡೆದ ಕಂಪೆನಿಯಲ್ಲಿಯೇ ಮುಂದೆ ಜ್ಯಾಕ್ ವೆಲ್ಚ್ ಎಂಬಾತ ಮುಖ್ಯಸ್ಥನಾಗಿದ್ದಾಗ, ಮ್ಯಾನೇಜರುಗಳನ್ನು ಸಾಲುಗಟ್ಟಿಸಿ ಕೊನೆಯ ಶೇಕಡಾ ೧೦ರಷ್ಟು ಮಂದಿಯನ್ನು ಹೊರಗಟ್ಟುವ ಪದ್ಧತಿ ಮೆರೆಯಿತು. ಬಹಳ ಕಂಪೆನಿಗಳು ಅದನ್ನು ಅನುಕರಿಸಿದುವು. ಆದರೆ ಅಡೋಬಿ ಕಂಪೆನಿ ೨೦೧೨ರಲ್ಲಿ ವರ್ಷಕ್ಕೊಮ್ಮೆಯ ಅಳತೆಯನ್ನೂ, ಮೈಕ್ರೋಸಾಫ್ಟ್ ೨೦೧೩ರಲ್ಲಿ ಸಾಲುಗಟ್ಟಿಸುವುದನ್ನೂ ಕೈಬಿಟ್ಟುವು. ಕೆಲವು ವರ್ಷಗಳಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪೆನಿಯೂ ಅದೇ ಹಾದಿ ಹಿಡಿದು, ಆಗಾಗ್ಗೆ ಕೂತು ಮಾತಾಡುವ ಕ್ರಮಕ್ಕೆ ತಿರುಗಿತು. ತನ್ನ ಮನೆಯಲ್ಲಿಯೇ ಹುಟ್ಟಿದ ಬುದ್ಧಿಮಾತನ್ನು ಕೇಳುವುದಕ್ಕೆ ಅದಕ್ಕೆ ಐವತ್ತು ವರ್ಷ ಬೇಕಾಯಿತು.

ಈ ವಿಚಾರ ಕಂಪೆನಿ ಕಚೇರಿಗಳಿಗೆ ಸೇರಿದ್ದು, ನಮಗೇನು ಎಂದು ನೀವು ಕೇಳಬಹುದು. ಹಾಗಲ್ಲ. ಅಂಗಡಿಯ ಯಜಮಾನರು, ಶಾಲೆಯ ಹೆಡ್‌ಮಾಸ್ತರು, ಸಹಕಾರ ಸಂಘದ ಕಾರ್ಯದರ್ಶಿ, ಮಗನ ಅಂಕಪಟ್ಟಿಗೆ ಸಹಿ ಹಾಕುವ ತಂದೆ, ಇವರೆಲ್ಲರೂ ಒಂದಲ್ಲ ಒಂದು ದಿನ ಷರಾ ಬರೆಯುವವರೇ. ಅವರೆಲ್ಲರಿಗೂ ಹೊಂದುವ ಕ್ರಮ ಸರಳವಾದದ್ದು. ನಾಲ್ಕು ದಿನ ಮುಂಚೆ ತಿಳಿಸಿ ಕರೆಯಿರಿ. ನಡುವೆ ಯಾರೂ ಬಂದು ಹೋಗದ ಕಡೆ ಕೂತುಕೊಳ್ಳಿ. ಮೊದಲ ಮಾತು ಅವರದಾಗಲಿ. ‘ನೀವು ಇಂಥವರು’ ಎನ್ನಬೇಡಿ, ‘ಇಂಥ ದಿನ ಹೀಗಾಯಿತು’ ಎನ್ನಿ. ಹದಿಮೂರು ತಪ್ಪುಗಳನ್ನು ಎಣಿಸುವ ಬದಲು ಎರಡನ್ನು ಆರಿಸಿಕೊಳ್ಳಿ. ನೀವು ಮಾಡಿಕೊಡಬೇಕಾದ ಸಹಾಯವೇನೆಂದೂ ಕೇಳಿ. ಒಪ್ಪಿಕೊಂಡದ್ದನ್ನು ಇಬ್ಬರೂ ಬರೆದಿಟ್ಟುಕೊಂಡು, ತಿಂಗಳೊಳಗೆ ಮತ್ತೊಮ್ಮೆ ವಿಚಾರಿಸಿ.

ಮಾತು ಬಲ್ಲವನಿಗೆ ಜಗಳವಿಲ್ಲವೆಂಬುದು ನಮ್ಮ ಹಿರಿಯರ ಗಾದೆ. ಮಾತು ಬಲ್ಲವನೆಂದರೆ ಮಾತಾಡಬಲ್ಲವನು ಮಾತ್ರವಲ್ಲ, ಮಾತನ್ನು ಕೇಳಬಲ್ಲವನೂ ಹೌದು. ಇನ್ನೊಬ್ಬರ ಅನ್ನದ ಮೇಲೆ ಲೇಖನಿ ಹಿಡಿಯುವ ಅಧಿಕಾರ ಯಾರಿಗೆ ಬಂದಿದೆಯೋ ಅವರು, ಬರೆಯುವ ಮೊದಲು ಅವರನ್ನು ಕರೆದು ಕೂರಿಸಿ, ಒಂದು ಗಳಿಗೆ ಕಿವಿಗೊಡಲಿ. ಲೇಖನಿಯನ್ನು ಅನಂತರ ಎತ್ತಿಕೊಳ್ಳಬಹುದು.